ಎಣ್ಣೆ ಡ್ರಮ್ಮಿನ ಡೀಸೆಲ್

ಸಾವಿರದ ಒಂಬೈನೂರ ಅರವತ್ತೆರಡರಲ್ಲಿ, ಏಳನೇ ಕ್ಲಾಸು ಮುಗಿಸಿ, ನಾನು ಓದು ನಿಲ್ಲಿಸಿದೆ. ಫೇಲಾಗಿ ಬಿಟ್ಟವನಲ್ಲ, ಪಾಸಾಗಿ ಬಿಟ್ಟವನು. ಕೇಳದವರಿಗೂ ಇದನ್ನು ಹೇಳುತ್ತಾ ಬಂದಿದ್ದೇನೆ, ಇಲ್ಲಿಯೂ ಹೇಳಿದೆ. ಆಮೇಲೆ ಹನ್ನೆರಡು ವರ್ಷ ಬೇರೆಯವರ ಲಾರಿಗಳಲ್ಲಿ ದುಡಿದೆ. ಎಪ್ಪತ್ನಾಲ್ಕರಲ್ಲಿ ನಾನೂ ನಮ್ಮ ಭಾವನೂ ಸೇರಿ, ಅರ್ಧ ಅವರದು ಅರ್ಧ ನನ್ನದು ಅಂತ, ಒಂದು ಹಳೇ ಲಾರಿ ಕೊಂಡೆವು.

ಭಾವ ಅಂದರೆ ಅಕ್ಕನ ಗಂಡ, ಕೆಂಕೆರೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಹಣೆಗೆ ವಿಭೂತಿ ಇಡದೆ ಮನೆಯ ಹೊಸಲು ದಾಟುತ್ತಿರಲಿಲ್ಲ. ಮಾತು ಬಹಳ ಕಡಿಮೆ. ಅವರಿಗೆ ಲಾರಿ ಓಡಿಸಲು ಬರುತ್ತಿರಲಿಲ್ಲ, ಕಲಿಯುತ್ತೇನೆ ಅಂತಲೂ ಅನ್ನಲಿಲ್ಲ. ಡೀಸೆಲ್ ತರುವುದು, ಚೀಲ ಹೇರಿಸುವುದು, ರೈತರ ಹತ್ತಿರ ಮಾತಾಡುವುದು ಅವರ ಕೆಲಸ. ಓಡಿಸುವುದು, ರಿಪೇರಿ, ಬೈಗುಳ ನನ್ನವು.

ನಮ್ಮ ಬಾಡಿಗೆಯೆಲ್ಲ ಕೊಬ್ಬರಿಯದು. ಸಂಪಿಗೆ, ಬಿಳಿಗೆರೆ, ಆ ಕಡೆ ಹುಳಿಯಾರಿನವರೆಗೆ ಹಳ್ಳಿಹಳ್ಳಿಯಿಂದ ಚೀಲ ತುಂಬಿ ತಿಪಟೂರಿನ ಮಾರ್ಕೆಟ್ಟಿಗೆ ಮುಟ್ಟಿಸುವುದು. ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಸುಲಿದು ಒಡೆದು ಚೀಲ ಕಟ್ಟಿದ ರೈತ, ಆ ಚೀಲವನ್ನು ಲಾರಿಗೆ ಹಾಕಿ ಮನೆಯಲ್ಲಿ ಕೂರುವುದಿಲ್ಲ. ತಾನೂ ಚೀಲದ ಮೇಲೆ ಹತ್ತಿ ಕೂತು ಬರುತ್ತಾನೆ. ಹರಾಜಿನ ಹೊತ್ತಿಗೆ ಮುಟ್ಟಿಸಿದರೆ ಲಾರಿಯವನು ಮನುಷ್ಯ, ಇಲ್ಲದಿದ್ದರೆ ಅಲ್ಲ. ಮೊದಲ ಐದು ವರ್ಷದಲ್ಲಿ ನಾನು ಒಂದು ದಿನವೂ ತಡ ಮಾಡಿದವನಲ್ಲ.

ಡೀಸೆಲ್ಲಿಗೆ ಹೆಸರು ಒಂದೇ, ಬರುವುದು ಬೇರೆ ಬೇರೆ. ಇಪ್ಪತ್ತು ವರ್ಷ ಸ್ಟೇರಿಂಗು ಹಿಡಿದವನಿಗೆ ಅದು ಕಿವಿಯಿಂದಲೇ ಗೊತ್ತಾಗುತ್ತದೆ. ಒಂದು ಬಂಕಿನದು ಹಾಕಿದರೆ ಒಂದೇ ಸೆಲ್ಫಿಗೆ ಹಿಡಿದು, ಏರಿನಲ್ಲಿ ಗೇರು ಬದಲಿಸದೆ ಎಳೆಯುತ್ತದೆ. ಇನ್ನೊಂದರದು ಹಾಕಿದರೆ ಕರೀ ಹೊಗೆ. ಸೀಮೆಎಣ್ಣೆ ಬೆರೆತಿದ್ದರೆ ಇಂಜಿನ್ನು ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ ಬಡಿದುಕೊಳ್ಳುತ್ತದೆ, ಏರು ಸಿಕ್ಕರೆ ಸೋಲುತ್ತದೆ. ನೀರು ಸೇರಿದ್ದರೆ ಬಿಕ್ಕಳಿಸಿ ಬಿಕ್ಕಳಿಸಿ ನಿಲ್ಲುತ್ತದೆ. ಚಳಿಗಾಲದ ಬೆಳಗ್ಗೆಯಂತೂ ಎಂಥ ಡೀಸೆಲ್ಲಾದರೂ ಕಷ್ಟವೇ. ಹಿಂದಿನ ಸಂಜೆಯೇ ಇಳಿಜಾರು ನೋಡಿ ಲಾರಿ ನಿಲ್ಲಿಸಬೇಕು. ಬೆಳಗ್ಗೆ ಇಂಜಿನ್ನಿನ ಡೀಸೆಲ್ ಪಂಪಿನ ಮೇಲೆ ಬಿಸಿನೀರು ಹುಯ್ಯಬೇಕು, ಗಾಳಿ ಎಳೆಯುವ ಬಾಯಿಯ ಹತ್ತಿರ ಬಟ್ಟೆ ಉರಿಸಿ ಹಿಡಿಯಬೇಕು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದೆ ಅನ್ನುವುದೇ ಆಮೇಲೆ ನನ್ನನ್ನು ಕೆಡಿಸಿತು.

ಎಪ್ಪತ್ತೊಂಬತ್ತರ ಸುಮಾರಿಗೆ ಡೀಸೆಲ್ ಸಿಗುವುದೇ ಕಷ್ಟವಾಯಿತು. ಬಂಕಿಗೆ ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಬಂದ ದಿನ ಸಿಕ್ಕಷ್ಟು ತಂದು ಇಟ್ಟುಕೊಳ್ಳಬೇಕು. ಭಾವ ಎತ್ತಿನ ಗಾಡಿಯಲ್ಲಿ ಡ್ರಮ್ಮು ಹೇರಿಕೊಂಡು ಹೋಗಿ ಬೆಳಗಿನಿಂದ ಸಾಲಿನಲ್ಲಿ ನಿಲ್ಲುತ್ತಿದ್ದರು. ನಮ್ಮ ಡ್ರಮ್ಮುಗಳು ತೂತು ಬಿದ್ದಿದ್ದವು. ದಸರಾ ಕಳೆದ ಮೇಲೆ ನಾನು ಗುರುತಿನ ಎಣ್ಣೆ ಮಿಲ್ಲೊಂದಕ್ಕೆ ಹೋಗಿ ಮೂರು ಖಾಲಿ ಡ್ರಮ್ಮು ತಂದೆ. ಕೊಬ್ಬರಿ ಎಣ್ಣೆ ತುಂಬುವಂಥವು.

ಭಾವ ಒಳಗೆ ಬಗ್ಗಿ ನೋಡಿದರು. “ತಳದಾಗೆ ಮಡ್ಡಿ ಐತೆ ಕಣಪ್ಪ. ಬಿಸಿನೀರು ಹಾಕಿ ತೊಳೆದು ಬೋರಲು ಹಾಕಾನ.”

“ಕೊಬ್ಬರಿ ಎಣ್ಣೆ ತಾನೆ ಭಾವ, ನಾವು ತಲೆಗೆ ಹಚ್ಕೊಳ್ಳೋದು. ಇಂಜಿನ್ನಿಗೇನು ವಿಷವಾ? ತೊಳೆದ್ರೆ ನೀರು ನಿಂತ್ಕೊತದೆ, ಅದು ಕೆಟ್ಟದ್ದು. ಬುಡಿ, ಇದು ನಿಮಗೆ ಗೊತ್ತಾಗಲ್ಲ” ಅಂದೆ.

ಭಾವ ತೊಳೆಯದೆಯೇ ಡೀಸೆಲ್ ತುಂಬಿಸಿಕೊಂಡು ಬಂದರು. ಕಾರ್ತಿಕದವರೆಗೆ ಏನೂ ಆಗಲಿಲ್ಲ. ಮಾರ್ಗಶಿರ ಬಂತು, ಡ್ರಮ್ಮುಗಳಲ್ಲಿ ಡೀಸೆಲ್ ತಳ ಮುಟ್ಟುತ್ತಾ ಬಂತು, ಆಗ ಶುರುವಾಯಿತು. ಬೆಳಗ್ಗೆ ಲಾರಿ ಹಿಡಿಯುತ್ತಿತ್ತು, ಒಂದೆರಡು ಮೈಲಿ ಹೋಗುತ್ತಿತ್ತು, ಆಮೇಲೆ ಉಸಿರು ಕಟ್ಟಿದಂತೆ ಮೆಲ್ಲಗೆ ಸಾಯುತ್ತಿತ್ತು. ಡೀಸೆಲ್ ಪೈಪಿಗೆ ಗಾಳಿ ಸೇರಿ ಏರ್ ಹಿಡಿದಿದೆ ಅಂದುಕೊಂಡು ಕೈ ಪಂಪು ಒತ್ತಿ ಒತ್ತಿ ಹೆಬ್ಬೆರಳಿಗೆ ಬೊಬ್ಬೆ ಬಂತು. ಇಂಜಿನ್ನಿಗೆ ಡೀಸೆಲ್ ಚಿಮ್ಮುವ ನೋಸಲ್ ಬಿಚ್ಚಿಸಿದೆ. ಬಿಸಿಲೇರಿದ ಮೇಲೆ ಏನೂ ಆಗದಂತೆ ಓಡುತ್ತಿತ್ತು. ಸಂಜೆ ಫಿಲ್ಟರ್ ಬಿಚ್ಚಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಮಾರ್ಕೆಟ್ಟಿಗೆ ಎರಡು ಸಲ ತಡವಾಯಿತು. ರೈತರು ಬೇರೆ ಲಾರಿ ಕೇಳತೊಡಗಿದರು. ಬೆಳಗಾಯಿತು ಅಂದರೆ ಮೈ ಭಾರವಾಗುತ್ತಿತ್ತು.

ಟೀ ಅಂಗಡಿಯಲ್ಲಿ ಇನ್ನೊಬ್ಬ ಡ್ರೈವರು ಒಂದು ಮಾತು ಎಸೆದ. “ಒಳ್ಳೆ ಡೀಸೆಲ್ನೆಲ್ಲ ನಿಮ್ ಭಾವ ಪಂಪ್‌ಸೆಟ್ನೋರಿಗೆ ಕೊಟ್ಟು, ನಿಂಗೆ ಸೀಮೆಎಣ್ಣೆ ಬೆರೆಸಿದ್ದು ಕುಡಿಸ್ತಾವ್ರೇನೋ ಕಣ್ಲಾ.” ಅವನು ನಗುತ್ತಾ ಅಂದದ್ದು. ನಾನು ನಗಲಿಲ್ಲ. ಆಗ ತೋಟಗಳಲ್ಲಿ ಡೀಸೆಲ್ ಇಲ್ಲದೆ ಪಂಪು ನಿಂತಿದ್ದವು, ಕೇಳುವವರು ಬೇಕಾದಷ್ಟಿದ್ದರು, ನಿಜ. ಸೀಮೆಎಣ್ಣೆ ಬೆರೆತರೆ ಇಂಜಿನ್ನು ಬಡಿದುಕೊಳ್ಳುತ್ತದೆಯೇ ಹೊರತು ಉಸಿರು ಕಟ್ಟಿ ನಿಲ್ಲುವುದಿಲ್ಲ ಅನ್ನುವುದು ನನ್ನ ಕಿವಿಗೆ ಗೊತ್ತಿತ್ತು. ಆ ವಾರ ನಾನು ಕಿವಿಯನ್ನು ಕೇಳಲಿಲ್ಲ.

ಮುಂದಿನ ಮಾರ್ಕೆಟ್ ದಿನ ಸಂಪಿಗೆ ಕಡೆಯ ಚೀಲ. ಮೇಲೆ ನಾಲ್ಕು ಜನ ರೈತರು, ಪಕ್ಕದಲ್ಲಿ ಭಾವ. ಇಬ್ಬನಿ ಇನ್ನೂ ಇತ್ತು. ತಿಪಟೂರು ಇನ್ನು ಮೂರು ಮೈಲಿ ಅನ್ನುವಾಗ ಏರಿನಲ್ಲಿ ಲಾರಿ ನಿಂತಿತು.

ಮೇಲಿಂದ ಒಬ್ಬರು ಬಗ್ಗಿ ಕೇಳಿದರು. “ಯಾಕ್ಲಾ, ನಿನ್ ಲಾರಿ ಉಪವಾಸವಾ ಇವತ್ತು?”

ಇನ್ನೊಬ್ಬರು, “ಇಳೀರಿ, ತಳ್ಳಾನ. ಕೊಬ್ಬರಿ ಹೊತ್ಕೊಂಡು ಹೋಗಿದ್ರೆ ಇಷ್ಟೊತ್ತಿಗೆ ಮುಟ್ತಿದ್ವಿ” ಅಂದರು.

ಕೈ ಪಂಪು ಒತ್ತಿದೆ, ಬಟ್ಟೆ ಉರಿಸಿದೆ, ಅವರು ತಳ್ಳಿದರು. ಆಗಲಿಲ್ಲ. ಕೈಯೆಲ್ಲ ಡೀಸೆಲ್ಲು. ಭಾವ ಬಾನೆಟ್ಟಿನ ಪಕ್ಕ ನಿಂತು, “ಸ್ವಲ್ಪ ಬಿಸಿಲು ಬರ್ಲಿ ಕಣಪ್ಪ, ಹಿಡಿತದೆ” ಅಂದರು. ಸಮಾಧಾನಕ್ಕೆ ಹೇಳಿದ್ದು. ನನಗೆ ಅದು ಕಳ್ಳ ಮಾತಿನಂತೆ ಕೇಳಿತು.

“ಡೀಸೆಲ್ಗೇನು ಬೆರೆಸ್ತೀರಾ ಭಾವ? ಒಳ್ಳೇದು ಯಾರಿಗ್ ಕೊಟ್ರಿ, ಅದನ್ನ ಹೇಳ್ಬುಡಿ” ಅಂದೆ.

ನಾಲ್ಕೂ ಜನ ರೈತರು ಅಲ್ಲೇ ನಿಂತಿದ್ದರು. ಭಾವ ನನ್ನ ಮುಖ ನೋಡಲಿಲ್ಲ. ಟವೆಲ್ಲಿಂದ ಕೈ ಒರೆಸಿಕೊಂಡು, ಸೀಟಿನ ಮೇಲಿದ್ದ ತಮ್ಮ ಕೈಚೀಲ ತೆಗೆದುಕೊಂಡರು. “ಲಾರಿ ನೀನೇ ಇಟ್ಕೊ” ಅಂದು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದುಕೊಂಡು ಹೋದರು. ಹಿಂದೆ ಬಂದ ಎತ್ತಿನ ಗಾಡಿಗಳನ್ನು ನಿಲ್ಲಿಸಿ ರೈತರು ಚೀಲ ವರ್ಗಾಯಿಸಿದರು. ನಾನೂ ಹೊತ್ತೆ. ಕೊನೇ ಚೀಲ ಇಳಿಸಿ ಸ್ವಲ್ಪ ಹೊತ್ತಿಗೆ ಬಿಸಿಲು ಬಂತು. ಸೆಲ್ಫು ಒತ್ತಿದೆ, ಲಾರಿ ಹಿಡಿಯಿತು.

ತಿಪಟೂರಿನ ನನ್ನ ಹಳೇ ಮೆಕ್ಯಾನಿಕ್ ಹತ್ತಿರ ಹೋದೆ. ಎಲ್ಲ ಕೇಳಿಸಿಕೊಂಡು, “ಇಲ್ಲೇ ಬಿಟ್ಟು ಹೋಗು. ನಾಳೆ ಚಳೀಲೇ ಬಿಚ್ಚಾನ” ಅಂದರು. ಮಾರನೇ ದಿನ ಬೆಳಕು ಹರಿಯುತ್ತಲೇ ಫಿಲ್ಟರ್ ಬಿಚ್ಚಿದರು. ಒಳಗೆ ಬೆಳ್ಳಗೆ, ಮೇಣದಂತೆ ಮೆತ್ತಿಕೊಂಡಿತ್ತು. ಬೆರಳಲ್ಲಿ ತೆಗೆದು ಅಂಗೈಯಲ್ಲಿ ಉಜ್ಜಿದರು. ಕರಗಿತು. ಮೂಸಿ ನೋಡಿ, ಅಂಗೈಯನ್ನು ನನ್ನ ತಲೆಗೆ ಒರೆಸಿದರು.

“ಕೊಬ್ಬರಿ ಎಣ್ಣೆ ಕಣ್ಲಾ. ಲಾರಿಗೆ ಎಣ್ಣೆಸ್ನಾನ ಮಾಡಿಸ್ತಿದ್ದೀಯ?”

ಮಾರ್ಗಶಿರದಲ್ಲಿ ಎಣ್ಣೆ ಬಾಟಲಿಯನ್ನು ಬಿಸಿಲಿಗಿಟ್ಟು, ಕರಗಿದ ಮೇಲೆ ತಲೆಗೆ ಹಚ್ಚಿಕೊಳ್ಳುವ ಸೀಮೆಯವನು ನಾನು. ಆ ವಾರವೂ ನಮ್ಮ ಹಿತ್ತಿಲ ಕಟ್ಟೆಯ ಮೇಲೆ ಬಾಟಲಿ ಇತ್ತು. ಡ್ರಮ್ಮಿನ ತಳದ ಎಣ್ಣೆಯೂ ಅದೇ ಚಳಿಗೆ ಅದೇ ರೀತಿ ಗಟ್ಟಿಯಾಗುತ್ತದೆ ಅಂತ ನನಗೆ ಹೊಳೆಯಲಿಲ್ಲ. ಡ್ರಮ್ಮು ತಂದವನು ನಾನು, ತೊಳೆಯಬೇಡಿ ಅಂದವನು ನಾನು.

ಅದೇ ಮಧ್ಯಾಹ್ನ ಕೆಂಕೆರೆಗೆ ಹೋದೆ. ಅಕ್ಕ ಬಾಗಿಲಲ್ಲೇ, “ತೋಟದಲ್ಲವ್ರೆ ಹೋಗು. ನನ್ ಮುಂದೆ ಏನೂ ಹೇಳಬ್ಯಾಡ” ಅಂದಳು. ಭಾವ ತೆಂಗಿನ ಪಾತಿ ಕೆದಕುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ, ತಪ್ಪಾಯ್ತು ಅಂದೆ. ನಾನು ಹೇಳಿರಲಿಲ್ಲವಾ ಅಂತ ಅವರು ಅನ್ನಬಹುದಿತ್ತು, ಅನ್ನಲಿಲ್ಲ.

“ಲಾರಿ ಸರಿಯಾಯ್ತಾ?”

“ಆಯ್ತು ಭಾವ. ನಾಳೆ ಬತ್ತೀರಾ?”

“ಇಲ್ಲ ಕಣಪ್ಪ. ನೀನಂದಿದ್ದು ನಾಕ್ ಜನದ ಮುಂದೆ. ತೋಟದಾಗೆ ಬಂದು ಇಲ್ಲ ಅಂದ್ರೆ ಅದು ಹೋಯ್ತದಾ? ನಡಿ, ಊಟ ಮಾಡು.”

ಅದು ಸರಿಯಾದ ಮಾತು ಅನ್ನಿಸಿತು. ಆ ನಾಲ್ಕು ಜನರನ್ನೂ ಹುಡುಕಿಕೊಂಡು ಹೋದೆ. ತಪ್ಪು ನನ್ನದೇ, ಭಾವ ಏನೂ ಬೆರೆಸಿಲ್ಲ ಅಂತ ಒಬ್ಬೊಬ್ಬರ ಜಗಲಿಯ ಮೇಲೂ ಕೂತು ಹೇಳಿದೆ. ನನ್ನಂಥವನಿಗೆ ಅದು ಹಗುರವಾದ ಕೆಲಸವಲ್ಲ. ಇಬ್ಬರು ತಲೆಯಾಡಿಸಿದರು. ಒಬ್ಬರು ಕಾಫಿ ಕೊಟ್ಟು ಮಳೆಯ ಮಾತು ತೆಗೆದರು. ನಾಲ್ಕನೆಯವರು, “ಯಾವ ಮಾತ್ಲಾ? ನಂಗೆ ನೆಪ್ಪಿಲ್ಲ. ಅವತ್ತು ರೇಟು ಬಿದ್ದಿದ್ದು ನೆಪ್ಪೈತೆ” ಅಂದರು. ಸುದ್ದಿ ಕೆಂಕೆರೆಗೆ ಮುಟ್ಟಿತು. ಹಬ್ಬಕ್ಕೆ ಹೋದಾಗ ಭಾವ, “ಹೇಳ್ಬಂದ್ಯಂತೆ” ಅಂದರು. ಅಷ್ಟೇ. ಲಾರಿ ಹತ್ತಲಿಲ್ಲ. ತಮ್ಮ ಅರ್ಧವನ್ನು ನನ್ನ ಹೆಸರಿಗೆ ಬರೆದುಕೊಟ್ಟು ತೋಟ ನೋಡಿಕೊಂಡರು.

ಆಮೇಲೆ ಡೀಸೆಲ್ ಸಾಲಿನಲ್ಲಿ ನಾನೇ ನಿಂತೆ. ಬೆಳಗ್ಗೆ ಆರಕ್ಕೆ ಹೋಗಿ ಮಧ್ಯಾಹ್ನ ಮೂರಕ್ಕೆ ನಮ್ಮ ಸರದಿ ಬರುವ ಹೊತ್ತಿಗೆ ಮುಗಿಯಿತು ಅನ್ನುತ್ತಿದ್ದರು. ಮಾರನೇ ದಿನ ಮತ್ತೆ. ಕಾಲು ಮರಗಟ್ಟುತ್ತಿತ್ತು. ಭಾವ ಒಂದು ದಿನವೂ ಇದನ್ನು ಮನೆಯಲ್ಲಿ ಹೇಳಿರಲಿಲ್ಲ. ಸಾಲಿನಿಂದ ಬಂದವನು ಲಾರಿಯನ್ನೂ ಓಡಿಸಬೇಕು, ಚೀಲವನ್ನೂ ಎಣಿಸಬೇಕು. ಇಬ್ಬರ ಕೆಲಸವನ್ನು ಒಬ್ಬನೇ ಮಾಡಿಕೊಂಡು ಬಂದು ಹತ್ತು ವರ್ಷವಾಯಿತು. ಈಗ ಡೀಸೆಲ್ ಕೇಳಿದಾಗ ಸಿಗುತ್ತದೆ. ಫಿಲ್ಟರನ್ನು ಮಾತ್ರ ಚಳಿಗಾಲದಲ್ಲಿ ವಾರಕ್ಕೊಮ್ಮೆ, ಬೆಳಗ್ಗೆಯೇ ಬಿಚ್ಚಿ ನೋಡುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಲಾರಿ ಒಂದು, ಇಂಜಿನ್ನು ಎರಡು ಸಲ ಬಿಚ್ಚಿ ಕಟ್ಟಿಸಿದ್ದು. ಹಂಚಿನ ಮನೆ ಒಂದು. ಫಲಕ್ಕೆ ಬಂದ ತೆಂಗಿನ ಮರ ಮೂವತ್ತೆಂಟು. ಹಸು ಎರಡು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ನೋಯುವ ಸೊಂಟ. ಕೆಂಕೆರೆಯಲ್ಲಿ ಒಬ್ಬಳು ಅಕ್ಕ, ಮತ್ತು ಹೋದಾಗಲೆಲ್ಲ ಊಟ ಮಾಡು ಅನ್ನುವ, ಬೇರೇನೂ ಕೇಳದ ಭಾವ ಒಬ್ಬರು.