ಸುಣ್ಣದ ಗೆರೆಯ ಹೊಸ್ತಿಲು

ಗೆಳತಿಯರೇ, ಈ ಸಂಜೆ ನಾಟಕವೊಂದನ್ನು ನಾನೇ ನಡುವೆ ನಿಲ್ಲಿಸಿಬಿಟ್ಟೆ. ಅರವತ್ತರ ದಶಕದ ಜೋರಾಪುರ ಪೇಟೆಯ ಕಥೆ. ಈಗ ಕೆಡವಿ ಕಾಂಪ್ಲೆಕ್ಸ್ ಕಟ್ಟಿರುವ ನಮ್ಮ ಹಳೆಯ ಮನೆ ಹೇಗಿತ್ತೆಂದು ನಾಟಕದ ಹುಡುಗರು ನನ್ನಿಂದ ಕೇಳಿ ತಿಳಿದು, ಆಟದ ನೆಲದ ಮೇಲೆ ಸುಣ್ಣದ ಗೆರೆಯಲ್ಲಿ ಬರೆದಿದ್ದರು. ಮದುಮಗಳ ಪಾತ್ರದ ನನ್ನ ಮೊಮ್ಮಗಳು ಸರ್ರನೆ ಹೊಸ್ತಿಲು ದಾಟಲು ಹೊರಟಳು.

“ನಿಂದ್ರ ಅಲ್ಲೇ! ಒಡಪು ಹಾಕಿ ಗಂಡನ ಹೆಸರು ಹೇಳದ ಒಳಗ ಹೋಗತಿಯೇನ?” ಎಂದು ಎದ್ದು ನಿಂತೆ.

“ನನಗ ಬರಂಗಿಲ್ಲ ಆಯಿ, ನೀನ ಬಂದು ಹೇಳಬೇ” ಎಂದಳು.

ಹೋದೆ. ತವರೂರು ನಿಡೋಣಿಯಿಂದ ಬಂದ ನನ್ನ ಮದುವೆಯ ದಿನದ ಒಡಪನ್ನೇ ಹೇಳಿದೆ: “ನಿಡೋಣಿ ಬಿಟ್ಟು ಬಂದೆ ಎತ್ತಿನ ಗಾಡ್ಯಾಗ, ಗುರಪ್ಪನವರ ಹೆಸರು ಹೇಳತೀನಿ ಜೋರಾಪುರ ಓಣ್ಯಾಗ.”

ನಾದಿನಿಯ ಪಾತ್ರದವಳು ಕೈ ಅಡ್ಡ ಹಿಡಿದಳು: “ಕೇಳಸಲಿಲ್ರಿ ವೈನಿ, ಇನ್ನೊಮ್ಮೆ!”

ಅಂದು ನನ್ನ ನಾದಿನಿಯೂ ಹೀಗೇ ತಡೆದಿದ್ದಳು. ನಮ್ಮವರು ಪಕ್ಕದಲ್ಲಿ ನಗುತ್ತ ನಿಂತಿದ್ದರು. ಈಗ ಗೆರೆಯ ಮುಂದೆ ನಿಂತಾಗ ಗೋಡೆ, ಕದ, ಅವರ ನಗು, ಎಲ್ಲವೂ ಅಲ್ಲೇ ಇತ್ತು. ಅವರು ತೀರಿಕೊಂಡ ಮೇಲೆ ನನ್ನ ಬಾಯಿಗೆ ಬಾರದಿದ್ದ ಹೆಸರನ್ನು ಇನ್ನೊಮ್ಮೆ, ಜೋರಾಗಿಯೇ ಹೇಳಿದೆ.

ನಾಟಕ ಮುಗಿದ ಮೇಲೆ ಜನ ಗೆರೆ ತುಳಿದುಕೊಂಡೇ ಹೋದರು. ನಾನು ಸೀರೆ ಎತ್ತಿ ದಾಟಿ ಬಂದೆ. ಹೊಸ್ತಿಲು ತುಳಿಯುವ ಸೊಸೆ ನಾನಲ್ಲ.