ತೊಡೆಯ ಮೇಲಿನ ತಾಳ

ಐವತ್ತು ದಾಟಿದ ಗಂಡಸಿಗೆ ಸಂಗೀತದ ಹುಚ್ಚು ಹಿಡಿದರೆ ಮನೆಯವರಿಗೆ ಕಷ್ಟ. ನನಗೆ ಅದು ಹಿಡಿದದ್ದು ಮಂಡಿನೋವಿನ ದೆಸೆಯಿಂದ. ಡಾಕ್ಟರು ದಿನಾ ನಡೆಯಿರಿ ಎಂದರು. ಬೆಳಿಗ್ಗೆ ಲೇಕಿನ ಸುತ್ತ ನಡೆಯುವಾಗ ಬೇಜಾರಾಗದಿರಲಿ ಎಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಫೋನು ತನ್ನಷ್ಟಕ್ಕೆ ಯಾವುದೋ ಹಳೆಯ ಕಚೇರಿ ಹಾಕಿತು. ಮೃದಂಗ ಶುರುವಾದದ್ದೇ ತಡ, ನನ್ನ ಬಲಗೈ ತಾನಾಗಿ ತೊಡೆ ತಟ್ಟತೊಡಗಿತು.

ಮೈಸೂರಿನಲ್ಲಿ ಚಿಕ್ಕವನಿದ್ದಾಗ ಅಪ್ಪ ನನ್ನನ್ನು ರಾಮೋತ್ಸವದ ಕಚೇರಿಗಳಿಗೆ ಎಳೆದುಕೊಂಡು ಹೋಗುತ್ತಿದ್ದರು. ಕೋಸಂಬರಿಯ ಆಸೆಗೆ ಹೋಗುತ್ತಿದ್ದೆ, ಸುಳ್ಳೇಕೆ. ಮುಂದಿನ ಸಾಲಿನ ಹಿರಿಯರು ತೊಡೆ ತಟ್ಟಿ, ಬೆರಳೆಣಿಸಿ ಆದಿತಾಳ ಹಾಕುವುದನ್ನು ನೋಡಿ ನಾನೂ ಹಾಕುತ್ತಿದ್ದೆ. ಹಾಡುವವರೂ ಹಾಕುತ್ತಿದ್ದರು, ಕೇಳುವವರೂ ಹಾಕುತ್ತಿದ್ದರು, ಯಾರೂ ಬೇಡ ಎನ್ನುತ್ತಿರಲಿಲ್ಲ. ಕೆಲಸ ಸಿಕ್ಕಿ ಕೋಲ್ಕತ್ತಾಕ್ಕೆ ಬಂದ ಮೇಲೆ ಸಂಗೀತದ ಕಡೆ ತಲೆ ಹಾಕಿರಲಿಲ್ಲ. ಅವತ್ತು ಲೇಕಿನ ಕಲ್ಲುಬೆಂಚಿನ ಮೇಲೆ ಕುಳಿತು ಕಣ್ಣೊರೆಸಿಕೊಂಡೆ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ನನ್ನದು ಸುಮ್ಮನಿರುವ ಜಾಯಮಾನವಲ್ಲ. ಕಸ್ಬಾ ಬಡಾವಣೆಯ ನನ್ನ ಆಫೀಸಿನಲ್ಲಿ ಚಹಾದ ಹೊತ್ತಿಗೆ ಬಂಗಾಳಿ ಸಹೋದ್ಯೋಗಿಗಳಿಗೆ ರಾಗಗಳ ಪಾಠ ಮಾಡತೊಡಗಿದೆ. ಪಾಪ, ಒಳ್ಳೆಯವರು, ಕೇಳಿಸಿಕೊಂಡರು. ಮನೆಯಲ್ಲಿ ಮಗಳು ಸಿಕ್ಕಳು.

ಅವಳು ಕಾಲೇಜಿನಲ್ಲಿ ಓದುತ್ತಾಳೆ. ಸ್ಕೂಲಿನ ದಿನಗಳಿಂದಲೂ ಬಾರಾನಗರದ ಒಬ್ಬ ವಯಸ್ಸಾದ ಟೀಚರ ಹತ್ತಿರ ಹಿಂದೂಸ್ತಾನಿ ಕಲಿಯುತ್ತಿದ್ದಾಳೆ. ಅಷ್ಟೂ ವರ್ಷ ಅವಳು ಒಳಗೆ ಹಾಡುತ್ತಿದ್ದರೆ ನಾನು ಹೊರಗೆ ಕ್ರಿಕೆಟ್ಟಿನ ವಾಲ್ಯೂಮ್ ಏರಿಸುತ್ತಿದ್ದೆ. ಈಗ ಕೋಣೆಯ ಬಾಗಿಲಲ್ಲಿ ನಿಂತು, “ಇದು ನಮ್ಮ ಆಭೇರಿ ಥರಾನೇ ಇದೆಯಲ್ಲೇ!” ಎನ್ನುತ್ತಿದ್ದೆ. “ಅಪ್ಪಾ, ಇದು ಭೀಮ್‌ಪಲಾಸಿ. ಪ್ಲೀಸ್, ಪ್ರಾಕ್ಟೀಸ್ ಮಾಡ್ಬೇಕು,” ಎನ್ನುತ್ತಿದ್ದಳು.

ಅದೇ ಭೀಮ್‌ಪಲಾಸಿಯನ್ನು ಅವಳು ಮೊದಲ ಬಾರಿಗೆ ನಾಲ್ಕು ಜನರ ಮುಂದೆ ಹಾಡುವ ದಿನ ಬಂತು. ಟೀಚರ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಸಣ್ಣ ಬೈಠಕ್. ಅವರು ಯಾರನ್ನೂ ಸುಲಭಕ್ಕೆ ಕೂರಿಸುವವರಲ್ಲ. ಚೆನ್ನಾಗಿ ಹಾಡಿದರೆ ಚಳಿಗಾಲದ ದೊಡ್ಡ ಕಾರ್ಯಕ್ರಮದಲ್ಲಿ ಜಾಗ ಕೊಡುತ್ತಾರೆ ಎಂದು ಮಗಳು ಹೇಳಿದ್ದಳು. ವಾರವಿಡೀ ಅವಳಿಗೆ ಸರಿಯಾಗಿ ಊಟ ಸೇರಿರಲಿಲ್ಲ. ನಾನು ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಹೋಗಿ, ಚಾಪೆಯ ಮೊದಲ ಸಾಲಿನಲ್ಲಿ, ಅವಳ ಎದುರಿಗೇ ಚಕ್ಕಂಬಕ್ಕಳ ಹಾಕಿ ಕುಳಿತೆ. ಹೆಂಡತಿ ಹಿಂದೆ ಬನ್ನಿ ಎಂದು ಸನ್ನೆ ಮಾಡಿದಳು. ಕಂಡರೂ ಕಾಣದವನಂತಿದ್ದೆ.

ಆಲಾಪ ಚೆನ್ನಾಗಿ ಬಂತು. ಪಕ್ಕದಲ್ಲಿದ್ದ ಹಿರಿಯರ ಕಿವಿಯಲ್ಲಿ, ಹಾಡುವವಳು ನನ್ನ ಮಗಳು ಎಂದೆ. ಅವರು ತುಟಿಯ ಮೇಲೆ ಬೆರಳಿಟ್ಟರು. ತಬಲಾ ಶುರುವಾಯಿತು. ನನ್ನ ಕೈಯೂ ಶುರುವಾಯಿತು. ತೊಡೆಗೊಂದು ಏಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಅವಳು ಹಾಡುತ್ತಿದ್ದದ್ದು ಝಪ್‌ತಾಳದಲ್ಲಿ, ಅದಕ್ಕೆ ಹತ್ತು ಮಾತ್ರೆ. ನಾನು ಹಾಕುತ್ತಿದ್ದದ್ದು ಎಂಟರ ಆದಿತಾಳ, ನನಗೆ ಗೊತ್ತಿದ್ದದ್ದು ಅದೊಂದೇ. ಎರಡನೆಯ ಸುತ್ತಿಗೇ ಎಲ್ಲೋ ತಪ್ಪುತ್ತಿದೆ ಅನ್ನಿಸಿತು. ತಬಲಾದ ಹುಡುಗಿ ತಪ್ಪುತ್ತಿದ್ದಾಳೆ ಎಂದುಕೊಂಡೆ! ಅವಳನ್ನು ದಾರಿಗೆ ತರಲು ಇನ್ನೂ ಜೋರಾಗಿ ತಟ್ಟಿದೆ.

ಮಗಳ ಕಣ್ಣು ನನ್ನ ಕೈಗೆ ಬಿತ್ತು. ಅಲ್ಲಿಂದ ಕೀಳಲು ನೋಡಿದಳು, ಆಗಲಿಲ್ಲ. ತಬಲಾ ಒಂದು ಕಡೆ ಬಂದು ನಿಂತಿತು, ಇವಳ ಪಲ್ಲವಿ ನನ್ನ ಏಟಿನ ಮೇಲೆ ಬಂದು ಬಿತ್ತು. ಮತ್ತೆ ಹಿಡಿಯಲು ಹೋಗಿ ಮತ್ತೆ ತಪ್ಪಿದಳು. ಹಾಡು ನಿಂತೇ ಹೋಯಿತು.

ಟೀಚರು ಸಿಟ್ಟಾಗಲಿಲ್ಲ. “ದಾದಾ, ಹಾಥ್ ಥೋಡಾ ಶಾಂತ್ ರಖಿಯೇ,” ಎಂದರು, ಕೈ ಸುಮ್ಮನಿಟ್ಟುಕೋ ಎಂದು ಮಗುವಿಗೆ ಹೇಳುವ ದನಿಯಲ್ಲಿ. ಇಡೀ ಕೋಣೆ ನನ್ನ ಕೈ ನೋಡಿತು. ಒಬ್ಬರ ಕೈಯೂ ಅಲ್ಲಾಡುತ್ತಿರಲಿಲ್ಲ ಎಂಬುದು ಆಗ ನನ್ನ ಕಣ್ಣಿಗೆ ಬಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎದ್ದು ಹೋಗೋಣವೆಂದರೆ ಕಾಲು ಜೋಮು ಹಿಡಿದಿತ್ತು. ಮಗಳು ಮತ್ತೆ ಶುರುಮಾಡಿ ಹೇಗೋ ಮುಗಿಸಿದಳು. ಹಾಡಿನಲ್ಲಿ ಜೀವವಿರಲಿಲ್ಲ. ಆಮೇಲೆ ಬಂಗಾಳಿಗಳ ಸಮೋಸಾ ಶಿಂಗಾಡಾ, ಚಹಾ ಬಂದವು. ಚಳಿಗಾಲದ ಮಾತನ್ನು ಟೀಚರು ಎತ್ತಲಿಲ್ಲ.

ಮೆಟ್ರೋದಲ್ಲಿ ಸಮಾಧಾನ ಹೇಳಲು ಹೋದೆ. “ಖುಷಿಯಾಯ್ತು ಕಣೇ, ಅದಕ್ಕೇ ಕೈ ತಡೆಯಕ್ಕಾಗ್ಲಿಲ್ಲ. ನಮ್ಮ ಕಡೆ ಎಲ್ಲಾರೂ ಹಂಗೇ ಕೇಳೋದು.”

“ನೀವು ಕೇಳ್ತಾನೇ ಇರ್ಲಿಲ್ಲ, ಅಪ್ಪಾ,” ಎಂದಳು. ಸಾಮಾನ್ಯವಾಗಿ ಅರ್ಧ ಇಂಗ್ಲಿಷಿನಲ್ಲಿ ಮಾತಾಡುವವಳು ಅವತ್ತು ಪೂರ್ತಿ ಕನ್ನಡದಲ್ಲೇ ಹೇಳಿದಳು. “ನಿಮಗೆ ಎಷ್ಟು ಗೊತ್ತು ಅಂತ ಎಲ್ರಿಗೂ ತೋರಿಸ್ತಾ ಇದ್ರಿ.”

ಹೆಂಡತಿ ಕಿಟಕಿಯಾಚೆಯ ಕತ್ತಲ ಸುರಂಗ ನೋಡುತ್ತ ಕುಳಿತಿದ್ದಳು. ಅವಳದೂ ಅದೇ ಅಭಿಪ್ರಾಯ ಎಂದು ಅವಳ ಭುಜ ನೋಡಿಯೇ ತಿಳಿಯಿತು.

ಅಂದಿನಿಂದ ನಾನು ಲೇಕಿನ ಸುತ್ತ ಕೈಗಳನ್ನು ಜೇಬಿಗೆ ತುರುಕಿ ಸಂಗೀತ ಕೇಳುತ್ತೇನೆ. ಎಣಿಸುವುದನ್ನು ಬಿಟ್ಟ ಮೇಲೆ ದನಿ ಕೇಳಿಸತೊಡಗಿದೆ: ಹಾಡುವವರು ಉಸಿರು ತೆಗೆದುಕೊಳ್ಳುವುದು, ಒಂದು ಸ್ವರದ ಹತ್ತಿರ ಬಂದು ಮುಟ್ಟದೆ ಹಿಂದೆ ಸರಿಯುವುದು. ಇದೆಲ್ಲ ನನ್ನ ಮನೆಯ ಒಳಕೋಣೆಯಲ್ಲೇ ವರ್ಷಗಟ್ಟಲೆ ನಡೆದಿತ್ತು ಎಂದು ನೆನೆದರೆ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಮೊನ್ನೆ ಟೀಚರು ಅವಳಿಗೆ ಇನ್ನೊಂದು ಅವಕಾಶ ಕೊಟ್ಟರು. ಮತ್ತೆ ಭಾನುವಾರವೇ ಬೈಠಕ್. ಊಟದ ಹೊತ್ತಿನಲ್ಲಿ ಅದನ್ನು ಹೇಳಿದವಳು, ಏನು ಹಾಡುತ್ತೀ ಎಂದು ಅವಳಮ್ಮ ಕೇಳಿದ್ದಕ್ಕೆ, “ಗೊತ್ತಿಲ್ಲ, ಯಾವುದಾದ್ರೂ ಚಿಕ್ಕದು,” ಎಂದು ತಟ್ಟೆ ನೋಡಿದಳು.

“ಆ ಭಾನುವಾರ ನಂಗೆ ಆಫೀಸಿದೆ,” ಎಂದೆ. ನನಗೆ ಭಾನುವಾರ ಎಂದೂ ಆಫೀಸಿರುವುದಿಲ್ಲ. ಅದು ಅವಳಿಗೂ ಗೊತ್ತು.

ಅವಳು ತಲೆಯೆತ್ತಿದಳು. ಎಷ್ಟೋ ದಿನಗಳ ಮೇಲೆ ಮುಖ ಅರಳಿತ್ತು.

“ಹಾಗಾದ್ರೆ,” ಎಂದಳು ಅಮ್ಮನ ಕಡೆ ತಿರುಗಿ, “ಭೀಮ್‌ಪಲಾಸಿನೇ ಹಾಡ್ತೀನಿ.”