ತುಂತುರಿಗೆ ಅಂಜುತ್ತಿದ್ದವರು

ಪರದೇಶದಲ್ಲಿ, ಟಾರ್ನೀಟ್ ಎಂಬ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದವರನ್ನು ನನ್ನ ಮಕ್ಕಳು ಕರೆಂಟ್ ಅಂಕಲ್ ಅಂತಿದ್ದರು. ವಿದ್ಯುತ್ ಲೈನುಗಳ ಕೆಲಸ ಅವರದು. ದಾರಿಯಲ್ಲಿ ಯಾರ ಜೊತೆ ಮಾತಾಡುತ್ತಿದ್ದರೂ ಕಣ್ಣು ಮಾತ್ರ ಕಂಬದ ತುದಿಗೆ. ಬೀದಿಕಂಬದ ಪಿಂಗಾಣಿ ಟೋಪಿಯಿರಲಿ, ದೊಡ್ಡ ಟವರಿನಲ್ಲಿ ಸರ ಪೋಣಿಸಿದಂತೆ ತೂಗುವ ತಟ್ಟೆಗಳಿರಲಿ, ಇನ್ಸುಲೇಟರ್ ಯಾವುದಾದರೂ ಅವರದು ಒಂದೇ ಮಾತು: "ತಂತಿ ಹಿಡಕೋಬೇಕು, ಕರೆಂಟ್ ಕಂಬಕ್ಕ ಬಿಡಬಾರದು."

ಬೇಸಿಗೆ ಮುಗಿಯುವಾಗ ತುಂತುರು ಬಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. "ಇನ್ಸುಲೇಟರ್ ಮ್ಯಾಲೆ ಧೂಳ ಕುಂತಿರತದ ಅಕ್ಕಾರ. ಜೋರ ಮಳಿ ಆದ್ರ ತೊಳದು ಹೋಗತದ. ತುಂತುರು ಬರೇ ಹಸಿ ಮಾಡತದ. ಆ ಹಸಿ ಧೂಳಿನಾಗ ಕರೆಂಟ್ ಹರದು ಕಟ್ಟಿಗಿ ಕಂಬ ಹತ್ತಿ ಉರೀತದ."

ಆಗ ನನಗೂ ಹತ್ತಿರದ ಟ್ರುಗನಿನಾದಲ್ಲಿದ್ದ ನನ್ನ ಓರಗಿತ್ತಿಗೂ ಸರಿಯಿರಲಿಲ್ಲ. ಜಗಳವಿಲ್ಲ, ಬರೀ ಕೊಂಕು. ಒಂದು ಭಾನುವಾರ ಎಲ್ಲರೂ ನಮ್ಮಲ್ಲಿ ಊಟಕ್ಕೆ ಕೂತಿದ್ದೆವು. "ನಿಮಗೇನು ಬಿಡಿ, ದೊಡ್ಡ ಮನೆ" ಅಂದಳು ಅವಳು. "ನಿನಗೆ ಬರೋಕೆ ಪುರುಸೊತ್ತೆಲ್ಲಿ" ಅಂದೆ ನಾನು. ಅಂಕಲ್ ಮಜ್ಜಿಗೆ ಲೋಟ ಕೆಳಗಿಟ್ಟರು.

"ಎಷ್ಟ ದಿನ ತುಂತುರು ಹಾಕತೀರಿ? ಒಮ್ಮೆ ಜೋರ ಜಗಳಾಡ್ರಿ!"

ಗಂಡಸರನ್ನೆಲ್ಲ ಎಬ್ಬಿಸಿಕೊಂಡು ಹೊರಗೆ ಹೋಗಿ ಬಾಗಿಲೆಳೆದುಕೊಂಡರು.

ಜಗಳಾಡಿದೆವು. ಮದುವೆ ಸೀರೆಯಿಂದ ಹಿಡಿದು ಅತ್ತೆಯ ಬಳೆವರೆಗೆ ಎಲ್ಲ ಹೊರಬಿತ್ತು. ಕೊನೆಗೆ ಇಬ್ಬರೂ ಅತ್ತು, ಮೂಗು ಒರೆಸಿಕೊಂಡು, ಟೀಗೆ ನೀರಿಟ್ಟೆವು. ಬಾಗಿಲ ಸಂದಿಯಲ್ಲಿ ಅವರ ಮುಖ ಕಂಡಿತು: "ಮಳಿ ಆತೇನ್ರಿ?"

ಆಮೇಲೆ ಅವರು ಸಿಡ್ನಿಯ ಲಿವರ್‌ಪೂಲ್‌ಗೆ ಹೋದರು. ಈಗಲೂ ನನ್ನ ಮಾತಿನಲ್ಲಿ ಕೊಂಕು ಕಂಡರೆ ಓರಗಿತ್ತಿ ಫೋನಿನಲ್ಲೇ ತಡೆಯುತ್ತಾಳೆ: "ಅಕ್ಕಾ, ತುಂತುರು ಶುರುವಾಯ್ತು. ಕಾರು ತೆಗೀರಿ, ಬಂದು ಜಗಳಾಡಿಬಿಡಿ."